ತುತ್ತೂರಿ ಇಲ್ಲದ ದೇವದೂತ

ಮೊನ್ನೆ ಮನೆಗೆ ಬಂದವರೊಬ್ಬರು ಕಿಟಕಿ ಗ್ರಿಲ್ಲಿಗೆ ತೂಗುಹಾಕಿದ್ದ ನನ್ನ ನೀಡಲ್‌ಪಾಯಿಂಟ್ ಕುರಿಯನ್ನು (ಕಣ್ಣುಕಣ್ಣಿನ ಕ್ಯಾನ್ವಾಸಿನ ಮೇಲೆ ನಾನೇ ಸೂಜಿ ದಾರದಲ್ಲಿ ಹೊಲಿದ ಕ್ರಿಸ್‌ಮಸ್ ಅಲಂಕಾರ) ಎರಡು ಬೆರಳಲ್ಲಿ ಹಿಚುಕಿ, "ಕೀ ಚೈನಾ? ಹಿಲ್ ರೋಡಲ್ಲಿ ತಗೊಂಡ್ರಾ?" ಎಂದರು. ಅದೇ ಬೆರಳಲ್ಲಿ ಆಗಷ್ಟೇ ಚಕ್ಕುಲಿ ಮುರಿದಿದ್ದರು. ಕುರಿಯೋ, ಅಚ್ಚ ಬಿಳಿ ರೇಷ್ಮೆ ಎಳೆಯದು.

4 ಇಂಚು ಉದ್ದ, 4 ಇಂಚು ಅಗಲ. ಇಂಚಿಗೆ 18 ಕಣ್ಣಿನ ಕ್ಯಾನ್ವಾಸು. ಹಿಂದಿನ ನೀಲಿ ಆಕಾಶವೂ ಸೇರಿದರೆ 5,184 ಹೊಲಿಗೆ. ಇದನ್ನೆಲ್ಲ ಹೇಳುವ ಬದಲು "ಹೌದು, ಹಿಲ್ ರೋಡೇ" ಎಂದುಬಿಟ್ಟೆ. ಬಾಂದ್ರಾದ ಆ ರಸ್ತೆಯಲ್ಲಿ ಡಿಸೆಂಬರ್ ಬಂತೆಂದರೆ ಮಿರಿಮಿರಿ ಚೆಂಡು, ನಕ್ಷತ್ರ ರಾಶಿ ಬಿದ್ದಿರುತ್ತವೆ. ಹಿಚುಕುವವರು ಅಲ್ಲಿಗೇ ಹೋಗಬಹುದಲ್ವಾ?

ದಸರೆಗೆ ಗೊಂಬೆ ಕೂರಿಸುವ ಮನೆಯವಳಿಗೆ ಕ್ರಿಸ್‌ಮಸ್ ಗಿಡದ ಈ ಸಾಂತಾ, ಗಂಟೆ, ಕುರಿಗಳ ಹುಚ್ಚು ಯಾಕೆ ಹಿಡಿಯಿತು ಅಂತ ಎಲ್ಲರೂ ಕೇಳುತ್ತಾರೆ. ಹೇಳುತ್ತೇನೆ. ಸಾಂತಾಕ್ರೂಜ್ ಪೂರ್ವದ ನಮ್ಮ ಕಟ್ಟಡದಲ್ಲಿ, ಕೆಳಗಿನ ಮನೆಯ ಮಂಗಳೂರಿನ ಕ್ರೈಸ್ತ ಹೆಂಗಸು, ನಾವೆಲ್ಲ 'ಬಾಯಿ' ಎನ್ನುವವರು, ಒಂದು ವರ್ಷ ಕಿಡಿಯೊ, ನೆವ್ರಿ ತುಂಬಿದ ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ತಟ್ಟೆಯ ಜೊತೆ ಒಂದು ಸೂಜಿಯನ್ನೂ ಕೊಟ್ಟರು. ಸಾಂತಾನ ಕೋಟಿಗೆ ಡಿಎಂಸಿ ಕಂಪನಿಯ 321 ನಂಬರಿನ ಕೆಂಪು ದಾರವೇ ಆಗಬೇಕು ಎಂದು ಅವರ ಹಟ. ಅಲ್ಲಿಂದ ಶುರು. ಇನ್ನು ಟೈಲರ್ ವಿಷಯ ಹೇಳಲೇಬೇಕು.

ನೀಡಲ್‌ಪಾಯಿಂಟಿನಲ್ಲಿ ಹೊಲಿಗೆಯೆಲ್ಲ ಓರೆಯಾಗಿ ಒಂದೇ ಕಡೆ ವಾಲುತ್ತದೆ. ಎಳೆದೂ ಎಳೆದೂ ಕ್ಯಾನ್ವಾಸೇ ಸೊಟ್ಟಗಾಗುತ್ತದೆ. ಒದ್ದೆ ಮಾಡಿ, ಹಲಗೆಗೆ ಪಿನ್ನು ಹೊಡೆದು ಒಣಗಿಸಿದರೆ ನೆಟ್ಟಗಾಗುತ್ತದೆ. ಮುಂಬೈ ಮಳೆಯಲ್ಲಿ ಒಣಗುವುದೇನು ಬಂತು! ನಾನು ಹೊಲಿದ, ತುತ್ತೂರಿ ಊದುವ ದೇವದೂತ ಅರ್ಧಂಬರ್ಧ ನೆಟ್ಟಗಾಗಿದ್ದ. ಹಿಂದಕ್ಕೆ ವೆಲ್ವೆಟ್ಟು, ಒಳಗೆ ಹತ್ತಿ, ಅಂಚಿಗೆ ಡೋರಿ ಹಾಕಿಸಲು ನಮ್ಮ ಬ್ಲೌಸ್ ಟೈಲರ್ ಹತ್ತಿರ ಒಯ್ದೆ. ಕಲಬುರಗಿ ಕಡೆಯವನು. ತಿರುಗಿಸಿ ಮುರುಗಿಸಿ ನೋಡಿದ.

"ಬ್ಲೌಸಿನ ಲಟ್ಕನ್ ಏನ್ರಿ ಅಕ್ಕಾರ? ಜೋಡಿ ಎಲ್ಲೈತ್ರಿ?"

ಬ್ಲೌಸಿನ ಬೆನ್ನ ದಾರಕ್ಕೆ ಜೋಡಿಯಾಗಿ ಕಟ್ಟುವ ಕುಚ್ಚು ಅಂದುಕೊಂಡಿದ್ದ. ಜೋಡಿ ಇಲ್ಲ, ಒಬ್ಬನೇ ಎಂದೆ. ಮುಖದಲ್ಲಿ ಅನುಮಾನ ಉಳಿಸಿಕೊಂಡೇ ತಲೆಯಾಡಿಸಿದ.

ವಾಪಸ್ ತರಲು ಹೋದಾಗ ದೇವದೂತ ಅಂಗೈ ಮೇಲೆ ಚೌಕವಾಗಿ, ಗುಂಡಗುಂಡಗೆ ಕೂತಿದ್ದ. ತುತ್ತೂರಿ ಮಾತ್ರ ಇಲ್ಲ. "ಸೊಟ್ಟ ಇತ್ರಿ. ಕಟ್ ಮಾಡಿ ನೀಟ್ ಮಾಡೀನಿ" ಎಂದು ಹೆಮ್ಮೆಯಿಂದ ಹೇಳಿದ. ಬೇಕಾದರೆ ಕಟ್ ಪೀಸ್ ಕೊಡುತ್ತೇನೆಂದು ಚಿಂದಿ ಚೀಲಕ್ಕೆ ಕೈಯನ್ನೂ ಹಾಕಿದ. ಕೂಲಿ ಮಾತ್ರ ಪೈಪಿಂಗ್ ಬ್ಲೌಸಿನ ರೇಟು.

ತುತ್ತೂರಿ ಹೋದ ಮೇಲೆ ದೇವದೂತ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸುವಂತೆ ಕಾಣುತ್ತಾನೆ. ಕೆಳಗಿನ ಮನೆಯ ಬಾಯಿ ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಪಾಪ, ಶುಭವಾರ್ತೆ ಸಾರಿ ಸುಸ್ತಾಗಿದ್ದಾನೆ ಬಿಡಿ" ಎಂದರು.

ಪಟ್ಟದ ಗೊಂಬೆಯ ಕೆನ್ನೆಯನ್ನು ಯಾರೂ ಹಿಚುಕುವುದಿಲ್ಲ. ದಾರಕ್ಕೆ ತೂಗುಹಾಕಿದ್ದು ಕಂಡರೆ ಸಾಕು, ಜನರ ಕೈ ತಡೆಯುವುದಿಲ್ಲ. ಹತ್ತಿ ತುಂಬಿದ ಭಾರಕ್ಕೆ ನಮ್ಮ ಪ್ಲಾಸ್ಟಿಕ್ ಗಿಡದ ಕೊಂಬೆ ಬಾಗುತ್ತದೆ, ಅದಕ್ಕೇ ಗ್ರಿಲ್ಲು. ಗ್ರಿಲ್ಲಲ್ಲಿ ಬಿಸಿಲಿಗೆ ಬಣ್ಣ ಇಳಿಯುತ್ತದೆ. ಜನವರಿ 6ಕ್ಕೆ, ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರ ಹಬ್ಬದ ದಿನ, ಎಲ್ಲರನ್ನೂ ಇಳಿಸಿ ಡಬ್ಬಿಗೆ ಹಾಕುತ್ತೇನೆ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡೀ ಕಟ್ಟಡದಿಂದ ಕೇಳಿ ತಂದು ಜೊತೆಗಿಡುತ್ತೇನೆ. ಇಲ್ಲದಿದ್ದರೆ ಜುಲೈಗೆ ಬೂಷ್ಟು ಗ್ಯಾರಂಟಿ.

ಈಗ ಹಿಂಬದಿಯನ್ನೂ ನಾನೇ ಹೊಲಿಯುತ್ತೇನೆ. ಟೈಲರ್ ಅಂಗಡಿ ಮುಂದೆ ಹಾದುಹೋದರೆ ಅವನು ಮಿಷನ್ ನಿಲ್ಲಿಸಿ ಕೂಗುತ್ತಾನೆ: "ಅಕ್ಕಾರ, ಜೋಡಿ ಸಿಕ್ತೇನ್ರಿ?"