ಒಂದು ಬೊಬ್ಬೆ ಬಂತು, ಇನ್ನೊಂದು ಬರಲಿಲ್ಲ

ನಿನ್ನೆ ರಾತ್ರಿ ಎಡಗಾಲಿನ ಬೊಬ್ಬೆ ಮತ್ತೆ ಒಡೆಯಿತು. ಬೆಳಿಗ್ಗೆ ಟೋಕಿಯೋದ ಲೋಕಲ್ ರೈಲಿನಲ್ಲಿ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತು ಆಫೀಸಿಗೆ ಬಂದೆ. ಯಾರೂ ಸೀಟು ಬಿಡಲಿಲ್ಲ. ಯಾಕೆ ಬಿಡಬೇಕು? 41ರ ಗಂಡಸು ಬಿದಿರು ಕೋಲು ಹಿಡಿದು ಕುಣಿಯಲು ಹೋಗಿ ಕಾಲು ಕೆಡಿಸಿಕೊಂಡರೆ ಅದು ರೈಲಿನವರ ತಪ್ಪಾ?

ಕೆಂಡೋ ಅಂದರೆ ಜಪಾನಿನ ಕತ್ತಿವರಸೆ. ಕತ್ತಿ ಬರೀ ಹೆಸರಿಗೆ. ಕೈಗೆ ಕೊಡುವುದು ನಾಲ್ಕು ಬಿದಿರು ಸೀಳು ಸೇರಿಸಿ ಕಟ್ಟಿದ ಶಿನಾಯ್. ತೂಕ ಅರ್ಧ ಕಿಲೋ ಚಿಲ್ಲರೆ. ಅರ್ಧ ಕಿಲೋ ಟೊಮೇಟೊ ಏನು ಮಹಾ ಭಾರ, ಅಲ್ವಾ? ಅದನ್ನೇ ನೂರು ಸಲ ತಲೆಯ ಮೇಲಕ್ಕೆತ್ತಿ ಇಳಿಸಿ, ಆಮೇಲೆ ಹೇಳಿ. ಜೊತೆಗೆ ಬರಿಗಾಲು. ಎಡ ಹಿಮ್ಮಡಿ ಮೇಲಕ್ಕೆತ್ತಿಕೊಂಡೇ ಮರದ ನೆಲದ ಮೇಲೆ ಪಾದ ಉಜ್ಜುತ್ತಾ ಜಾರಬೇಕು. ಬೊಬ್ಬೆ ಹುಟ್ಟುವುದೇ ಅಲ್ಲಿ.

ಅದು ಕರೆಯದೇ ಬಂತು. ಗಂಟಲಿನಿಂದ ಬರಬೇಕಾದ ಬೊಬ್ಬೆ ಮಾತ್ರ ಎಷ್ಟು ಕರೆದರೂ ಬರಲಿಲ್ಲ.

ಕೆಂಡೋದಲ್ಲಿ ಸುಮ್ನೆ ಹೊಡೆದರೆ ಆಗುವುದಿಲ್ಲ. ಎಲ್ಲಿಗೆ ಹೊಡೆದೆ ಅಂತ ಕಿರುಚಬೇಕು. ತಲೆಗೆ 'ಮೆನ್', ಮುಂಗೈಗೆ 'ಕೊತೆ', ಪಕ್ಕೆಗೆ 'ದೋ'. ಕತ್ತಿ, ಕಾಲು, ಕೂಗು ಮೂರೂ ಒಂದೇ ಗಳಿಗೆಗೆ ಕೂಡಿ ಬಂದರಷ್ಟೇ ಅಂಕ. ಅಂಕ ಬಂತೆಂದು ಮುಷ್ಟಿ ಎತ್ತಿ ಕುಣಿದರೆ ಅದನ್ನೂ ಕಿತ್ತುಕೊಳ್ಳುತ್ತಾರೆ. ಆ ಚಿಂತೆ ನನಗಿಲ್ಲ ಬಿಡಿ.

ನನ್ನದು ವರ್ಷಗಟ್ಟಲೆ ಕಾನ್ಫರೆನ್ಸ್ ಕಾಲ್‌ನಲ್ಲಿ ಮ್ಯೂಟ್ ಒತ್ತಿಕೊಂಡು ಕೂತ ಗಂಟಲು. ಮೊದಲ 'ಮೆನ್' ಪಕ್ಕದವರ ಪೆನ್ನು ಕೇಳಿದ ಹಾಗಿತ್ತು. ಎಪ್ಪತ್ತು ದಾಟಿದ ಸೆನ್ಸೇ, ಅಂದರೆ ನಮ್ಮ ಗುರುಗಳು, ತಮ್ಮ ಹೊಟ್ಟೆ ತಟ್ಟಿ ತೋರಿಸಿದರು. ಕೂಗು ಅಲ್ಲಿಂದ ಬರಬೇಕಂತೆ. ನನ್ನ ಹೊಟ್ಟೆಯಲ್ಲಿ ಮಧ್ಯಾಹ್ನದ ಮೊಸರನ್ನ ಬಿಟ್ಟರೆ ಬೇರೇನೂ ಇರಲಿಲ್ಲ.

ಹೊಸಬರ ಸಾಲಿನಲ್ಲಿ ನನ್ನ ಜೋಡಿ ಎರಡನೇ ಕ್ಲಾಸಿನ ಒಬ್ಬಳು ಹುಡುಗಿ. ಅವಳು ಕೂಗಿದರೆ ಜಿಮ್ನಾಷಿಯಂ ಕಿಟಕಿ ನಡುಗುತ್ತದೆ. ನನ್ನ ಸರದಿ ಬಂದಾಗ ಶಿನಾಯ್ ಅಡ್ಡ ಹಿಡಿದು ನಿಲ್ಲುತ್ತಾಳೆ. ನಾನು ಹೊಡೆದು 'ಮೆನ್' ಅನ್ನುತ್ತೇನೆ. ಅವಳು ಬಹಳ ಮರ್ಯಾದೆಯಿಂದ "ಕಿಕೋಯೆಮಾಸೆನ್" ಅನ್ನುತ್ತಾಳೆ. ಕೇಳಿಸುತ್ತಿಲ್ಲ. ಮತ್ತೆ ಮೆನ್. ಮತ್ತೆ ಕಿಕೋಯೆಮಾಸೆನ್. ಕಿವಿ ಸರಿಯಿಲ್ಲವೇನೋ ಅಂದುಕೊಂಡೆ. ಆದರೆ ಮೂಲೆಯಲ್ಲಿ ಅವಳಮ್ಮ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದು ಅವಳಿಗೆ ಚೆನ್ನಾಗಿಯೇ ಕೇಳಿಸಿತು.

ಮನೆಯಲ್ಲಿ ಅಭ್ಯಾಸ ಮಾಡೋಣ ಅಂದರೆ ಇಲ್ಲಿನ ಗೋಡೆ ಹಪ್ಪಳದಷ್ಟು ದಪ್ಪ. ಬಚ್ಚಲಲ್ಲಿ ಒಮ್ಮೆ ಕೂಗಿದೆ. "ರೀ, ಬಿದ್ರಾ?" ಅಂತ ಹೆಂಡತಿ ಬಾಗಿಲು ಬಡಿದಳು. ಮಾರನೇ ದಿನ ರೈಲ್ವೆ ಸೇತುವೆಯ ಕೆಳಗೆ ನಿಂತು ರೈಲು ಬರುವವರೆಗೆ ಕಾದೆ. ಉಸಿರು ತುಂಬಿಕೊಳ್ಳುವಷ್ಟರಲ್ಲಿ ರೈಲು ಹೋಗಿಯಾಗಿತ್ತು, 'ಮೆನ್' ಮಾತ್ರ ಉಳಿಯಿತು. ನಾಯಿ ಅಡ್ಡಾಡಿಸುತ್ತಿದ್ದ ಮುದುಕರೊಬ್ಬರು ನನಗೆ ತಲೆಬಾಗಿ ರಸ್ತೆಯ ಆಚೆ ಬದಿಗೆ ಹೋದರು.

ನಮ್ಮ ಅಜ್ಜಿ ಇದ್ದಿದ್ದರೆ ಕಲಿಸುತ್ತಿದ್ದಳು. ಶಿರಸಿ ಹತ್ತಿರದ ಮನೆಯ ಹಿತ್ತಿಲಲ್ಲಿ ನಿಂತು, ಕೈಯಲ್ಲಿದ್ದ ಕಸಬರಿಗೆಯನ್ನೂ ಎತ್ತದೆ, "ಹೋ...ಯ್" ಅಂದರೆ ಸಾಕು. ಮೂರು ತೋಟದಾಚೆಯ ಮಂಗಗಳೂ ಅಡಿಕೆ ಮರ ಇಳಿದು ಓಡುತ್ತಿದ್ದವು. ಕೊನೆಕೊನೆಗೆ ಅವಳಿಗೆ ಕಿವಿ ಮಂದವಾಯಿತು. ಫೋನಿನಲ್ಲಿ "ಕೇಳ್ತಾ ಇಲ್ಲೆ ತಮಾ, ದೊಡ್ಡಕೆ ಹೇಳು" ಅನ್ನುತ್ತಿದ್ದಳು. ನಾನು ಆಫೀಸಿನ ಮೆಟ್ಟಿಲ ಮೇಲೆ ನಿಂತು, ಯಾರಾದರೂ ನೋಡಿಯಾರು ಅಂತ, ಪಿಸುಗುಟ್ಟುತ್ತಿದ್ದೆ.

ನಿನ್ನೆ ಹುಡುಗಿ ಏಳನೇ ಸಲ ಕಿಕೋಯೆಮಾಸೆನ್ ಅಂದಾಗ ಎಲ್ಲಿತ್ತೋ ಏನೋ, ಹೊಟ್ಟೆಯಿಂದಲೇ ಬಂತು. ಇಡೀ ಹಾಲ್ ತಿರುಗಿ ನೋಡಿತು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ಈಗ ಕೇಳಿಸಿತು ಅಂದಳು.

ಸೆನ್ಸೇ ಮಾತ್ರ ತಲೆಯಾಡಿಸಿದರು. ಕೂಗು ಚೆನ್ನಾಗಿದೆ, ಆದರೆ 'ಹೋಯ್' ಅನ್ನುವ ಜಾಗ ಮೈಯಲ್ಲಿ ಎಲ್ಲಿದೆ ಅಂತ ಕೇಳಿದರು. ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಎಡಪಾದ ಒದ್ದೆಯಾದ ಹಾಗೆ ಅನ್ನಿಸಿ ಬಗ್ಗಿ ನೋಡಿದೆ.