2 ಗ್ರಾಂ ಚಮಚ, ಗಟ್ಟಿ ರಾಡು

ನಮ್ಮ ಕೊಪ್ಪಳದ ಕಡೆ ಯಾವ ಸಾಮಾನು ಕೊಳ್ಳಲಿ, ಮೊದಲು ಕೇಳೋದು ಒಂದೇ: ‘ಗಟ್ಟಿ ಐತೇನ್ರಿ?’ ಕುರ್ಚಿ, ಚಪ್ಪಲಿ, ಕುಕ್ಕರ್, ಅಳಿಯ, ಎಲ್ಲಕ್ಕೂ ಇದೇ ಪರೀಕ್ಷೆ. ಈ ಪರೀಕ್ಷೆ ಕೈಕೊಡೋದು ಗಾಳದ ರಾಡ್ ಕೊಳ್ಳುವಾಗ. ಅದರಲ್ಲೂ 2-3 ಗ್ರಾಂ ತೂಕದ ಸಣ್ಣ ಲ್ಯೂರ್, ಅಂದರೆ ಆ ಮಿಣಮಿಣ ನಕಲಿ ಮೀನು, ಎಸೆಯೋ ಆಸೆ ಇದ್ದರೆ ಗಟ್ಟಿ ರಾಡ್ ಯಾವ ಕೆಲಸಕ್ಕೂ ಬರಲ್ಲ.

ಆಸೆ ಹುಟ್ಟಿದ್ದು ಗಂಗಾವತಿಯಲ್ಲಿ. ಅಲ್ಲಿ ಅಕ್ಕನ ಮನೆಯವರ ಗದ್ದೆ ಪಕ್ಕ ಒಂದು ಹೊಂಡ ಇದೆ. ಅದರ ತುಂಬ ಜಿಲೇಬಿ ಮೀನು, ಅಂಚಿನ ಜೊಂಡಿನಲ್ಲಿ ಆಗಾಗ ಕೊರಮೀನು. ಎರೆಹುಳ ಪೋಣಿಸಿ, ಬೆಂಡು ಯಾವಾಗ ಮುಳುಗುತ್ತೆ ಅಂತ ತಾಸುಗಟ್ಟಲೆ ಕೂರೋದು ನನ್ನಿಂದ ಆಗದ ಕೆಲಸ. ಎಸೆಯಬೇಕು, ಸುತ್ತಬೇಕು, ಮತ್ತೆ ಎಸೆಯಬೇಕು. ಜಿಲೇಬಿ ಬಾಯಿ ಚಿಕ್ಕದು, ಹಾಗಾಗಿ ಲ್ಯೂರೂ ಚಿಕ್ಕದೇ ಬೇಕು.

ಅಂಗಡಿಯವರು ಹೆಬ್ಬೆರಳು ದಪ್ಪದ ರಾಡ್ ಕೊಟ್ಟು, ‘ಹತ್ತು ಕೆಜಿ ಕಾಟ್ಲಾ ಬಂದ್ರೂ ಎಳೀರಿ, ಮುರಿದ್ರ ಕೇಳ್ರಿ’ ಅಂದರು. ನಿಜ, ಮುರಿಯಲ್ಲ. ಬಾಗೋದೂ ಇಲ್ಲ. ಲ್ಯೂರ್ ಹಾರೋದು ಬರೀ ನಮ್ಮ ತೋಳಿನ ಬಲದಿಂದ ಅಲ್ಲ, ರಾಡಿನ ಬಳುಕಿನಿಂದಲೂ. ಹಿಂದಕ್ಕೆ ಬೀಸಿದಾಗ ಲ್ಯೂರಿನ ತೂಕಕ್ಕೆ ರಾಡ್ ಬಾಗಬೇಕು, ಬಾಗಿದ್ದು ಚಟ್ಟನೆ ನೆಟ್ಟಗಾಗುವಾಗ ಲ್ಯೂರ್ ಮುಂದಕ್ಕೆ ಚಿಮ್ಮಬೇಕು. 2 ಗ್ರಾಂಗೆ ಆ ರಾಡ್ ಯಾಕೆ ಬಾಗುತ್ತೆ, ಅದಕ್ಕೇನು ಹುಚ್ಚೇ?

ಎಷ್ಟು ತೂಕದ ಲ್ಯೂರ್ ಎಸೆಯಬಹುದು ಅಂತ ಹಿಡಿಕೆ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರುತ್ತಾರೆ. ಕೆಲವದರಲ್ಲಿ ಗ್ರಾಂ, ಕೆಲವದರಲ್ಲಿ ಔನ್ಸು. ಅಲ್ಲೊಂದರ ಮೇಲೆ 1/16 - 1/4 ಅಂತಿತ್ತು. ಏನ್ರೀ ಇದು ಅಂತ ಕೇಳಿದೆ. ಅವರು ಕನ್ನಡಕ ಏರಿಸಿ ನೋಡಿ, ‘ಒಂದರಿಂದ ಹದಿನಾರು ಕೆಜಿ ಮೀನು ತಡೀತೈತ್ರಿ’ ಅಂದರು. ‘ಮತ್ತ ಈ ಕಡೆ ಒಂದು, ನಾಕು?’ ‘ಅದು ಬ್ಯಾಸಗೀಗೆ.’ ಔನ್ಸಿಗೆ 28 ಗ್ರಾಂ ಲೆಕ್ಕ ಹಾಕಿದರೆ ಸುಮಾರು 2ರಿಂದ 7 ಗ್ರಾಂ. ನನಗೆ ಬೇಕಾಗಿದ್ದೇ ಅದು. ಅಷ್ಟು ಹೊತ್ತು ಮೂಲೆಯಲ್ಲಿ ಧೂಳು ತಿನ್ನುತ್ತಾ ನಿಂತಿತ್ತು, ‘ಅದು ಹುಡುಗರದು’ ಅಂತ ಯಾರೂ ಕೇಳಿರಲಿಲ್ಲವಂತೆ.

ಲ್ಯೂರಿನ ಪ್ಯಾಕೆಟ್ ಮೇಲೆ ತೂಕವೇ ಇರಲಿಲ್ಲ. ಅಡುಗೆಮನೆ ತಕ್ಕಡಿ ಇಂಥದ್ದನ್ನೆಲ್ಲ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಹಾಗಾಗಿ ಓಣಿಯ ಪತ್ತಾರರ ಅಂಗಡಿಗೆ ಹೋದೆ. ಮಗಳ ಮದುವೆಗೆ ಬೋರಮಾಳ ಸರ ಮಾಡಿಸೋಕೆ ಬಂದ ಒಂದು ಮನೆಯವರೆಲ್ಲ ಅಲ್ಲಿ ಕೂತಿದ್ದರು. ಅವರ ಮುಂದೆ ನಾನು ಕರವಸ್ತ್ರ ಬಿಚ್ಚಿ, ಉಗುರಿನಷ್ಟು ಅಗಲದ ಹಳದಿ ಚಮಚದಾಕಾರದ ಲ್ಯೂರ್ ತಕ್ಕಡಿ ಮೇಲಿಟ್ಟೆ. ಎಲ್ಲರ ಕತ್ತೂ ಉದ್ದವಾಯಿತು. ಪತ್ತಾರರು ಗಾಜಿನ ಬಾಗಿಲು ಮುಚ್ಚಿ, ಉಸಿರು ಬಿಗಿಹಿಡಿದು ನೋಡಿ, ‘2.3’ ಅಂದರು. ಆಮೇಲೆ ಬಹಳ ಸಂಕಟದಿಂದ, ಮೆಲ್ಲಗೆ ಸೇರಿಸಿದರು: ‘ಆದ್ರ ಇದು ಹಿತ್ತಾಳಿ ಐತ್ರಿ. ಎಲ್ಲಿ ತಗೊಂಡ್ರಿ?’

ಇನ್ನು ರೀಲು, ಅಂದರೆ ದಾರ ಸುತ್ತೋ ಯಂತ್ರ. ರಾಡಿನ ಮೇಲೆ ಕೂರುವ ಬೇಟ್‌ಕಾಸ್ಟರ್ ಅನ್ನೋ ಬಗೆ ನೋಡೋಕೆ ಬಲು ಚೆಂದ. ಆದರೆ ಅದರಲ್ಲಿ ಹಾರುವ ಲ್ಯೂರೇ ಸ್ಪೂಲನ್ನು, ಅಂದರೆ ದಾರ ಸುತ್ತಿದ ಉರುಳೆಯನ್ನು, ತಿರುಗಿಸಬೇಕು. ಹಗುರ ಲ್ಯೂರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಎದುರುಗಾಳಿಗೆ ಲ್ಯೂರ್ ನಿಧಾನವಾದರೂ ಸ್ಪೂಲ್ ಅದೇ ಜೋರಲ್ಲಿ ತಿರುಗುತ್ತಾ ದಾರ ಉಗುಳುತ್ತದೆ. ಆಷಾಢದ ಗಾಳಿಯಲ್ಲಿ, ಗೆಳೆಯರೊಬ್ಬರಿಂದ ಕಡ ತಂದ ಅಂಥ ರೀಲ್ ಬೀಸಿದೆ ನೋಡಿ, ಲ್ಯೂರ್ ನನ್ನ ಕಾಲಬುಡದಲ್ಲಿ ಬಿತ್ತು, ದಾರವೆಲ್ಲ ರೀಲಿನೊಳಗೇ ಸಿಕ್ಕಾಗಿ ಕೂತಿತು. ಅಕ್ಕ ತಲೆಪಿನ್ನು ತೆಗೆದು ಒಂದೊಂದೇ ಎಳೆ ಬಿಡಿಸುತ್ತಾ, ‘ಎಷ್ಟು ಕೊಟ್ಟಿಯೋ ತಮ್ಮಾ ಇದಕ್ಕ?’ ಅಂದಳು. ಕಡ ತಂದದ್ದು ಅಂದೆ. ‘ಹಂಗಾದ್ರ ಹಿಂಗ ಕೊಟ್ಟು ಬಾ’ ಅಂತ ಪಿನ್ನು ಮತ್ತೆ ತಲೆಗೆ ಸಿಕ್ಕಿಸಿಕೊಂಡಳು.

ಹಗುರ ಲ್ಯೂರಿಗಂತಲೇ ಮಾಡಿದ ಬೇಟ್‌ಕಾಸ್ಟರೂ ಸಿಗುತ್ತವೆ, ‘ಬೇಟ್ ಫಿನೆಸ್’ ಅಂತಾರೆ. ಸ್ಪೂಲ್ ತೆಳು, ಹಗುರ, ದಾರ ಸ್ವಲ್ಪವೇ ಹಿಡಿಯುತ್ತೆ. ಹೊಸಬರಿಗೆ ಮಾತ್ರ ನಾನು ಹೇಳೋದು 1000 ಸೈಜಿನ ಸ್ಪಿನ್ನಿಂಗ್ ರೀಲೇ. ಅದರ ಸ್ಪೂಲ್ ಎಸೆಯುವಾಗ ತಿರುಗಲ್ಲ, ದಾರ ಅಂಚಿನಿಂದ ಸುರುಳಿ ಸುರುಳಿಯಾಗಿ ಕಳಚಿಕೊಂಡು ಹೋಗುತ್ತೆ, ಅಷ್ಟೇ. ಈ 1000 ಅನ್ನೋ ನಂಬರ್ ಕಂಪನಿಯಿಂದ ಕಂಪನಿಗೆ ಹೆಚ್ಚುಕಮ್ಮಿ ಇರುತ್ತೆ, ಕೈಯಲ್ಲಿ ಹಿಡಿದು ನೋಡಿಯೇ ತಗೊಳ್ಳಿ. ದಾರ 4 ಪೌಂಡ್ ಎಳೆತ ತಡೆಯೋದು ಸಾಕು. ಸ್ಪೂಲಿನ ಅಂಚಿಗೆ ಒಂದೆರಡು ಮಿಲಿಮೀಟರ್ ಬಿಟ್ಟು ತುಂಬಿಸಿ. ಕಮ್ಮಿ ತುಂಬಿದರೆ ದಾರ ಅಂಚಿಗೆ ಉಜ್ಜಿ ದೂರ ಹೋಗಲ್ಲ, ಜಾಸ್ತಿ ತುಂಬಿದರೆ ಸುರುಳಿಗಳು ಒಟ್ಟಿಗೇ ಧುಮುಕುತ್ತವೆ. ಎಸೆದ ಮೇಲೆ ಬೇಲ್, ಅಂದರೆ ದಾರ ಹಿಡಿಯೋ ತಂತಿಯ ಕಮಾನನ್ನು ಕೈಯಿಂದಲೇ ಮುಚ್ಚಿ. ಹ್ಯಾಂಡಲ್ ತಿರುಗಿಸಿ ಟಪ್ ಅನ್ನಿಸೋದು ಸಿನಿಮಾದ ಹೀರೋಗಳಿಗೆ ಇರಲಿ.

ಇಷ್ಟೆಲ್ಲ ಹೊಂದಿಸಿಕೊಂಡು ಗಂಗಾವತಿಗೆ ಹೊರಟ ದಿನ ಹುಣ್ಣಿಮೆ. ಹುಲಿಗೆಮ್ಮನ ದರ್ಶನ ಮಾಡಿ ಬಂದವರೆಲ್ಲ ಸೇರಿ ಬಸ್ಸಿನಲ್ಲಿ ಕಾಲಿಡೋಕೂ ಜಾಗ ಇರಲಿಲ್ಲ. ನನ್ನದು ಎರಡು ತುಂಡಿನ ರಾಡ್. ಬುಡ ಕೈಯಲ್ಲಿತ್ತು. ತುದಿಯ ತುಂಡನ್ನು ಒಬ್ಬ ಅಜ್ಜಿ ‘ಮಂದಿಗೆ ಚುಚ್ಚತೈತಿ, ಕೊಡಪ್ಪ’ ಅಂತ ಇಸ್ಕೊಂಡು ಬಹಳ ಜೋಪಾನವಾಗಿ ಹಿಡಿದು ಕೂತರು. ಗಂಗಾವತಿಯಲ್ಲಿ ಜನ ನನ್ನನ್ನು ಬಾಗಿಲಿಂದ ಹೊರಕ್ಕೆ ನೂಕಿದ ರಭಸಕ್ಕೆ ಅಜ್ಜಿ, ತುದಿ, ಬಸ್ಸು ಮೂರೂ ಸಿಂಧನೂರಿನ ದಾರಿ ಹಿಡಿದವು. ಮಾಮಾ ನನ್ನ ಕೈಯಲ್ಲಿದ್ದ ಮೊಂಡು ಬುಡ ತಿರುಗಿಸಿ ನೋಡಿ, ‘ಗಟ್ಟಿ ಭಾಗ ಉಳೀತಲ್ಲ, ಹಾಕು ಗಾಳ’ ಅಂದರು.

ಸಂಜೆ ಅದೇ ಬಸ್ಸು ವಾಪಸ್ ಬರುವಾಗ ಸ್ಟ್ಯಾಂಡಿನಲ್ಲಿ ಕಾಯುತ್ತಾ ನಿಂತೆ. ಕಂಡಕ್ಟರ್ ಕಿಟಕಿಯಿಂದ ತುದಿಯನ್ನು ಹೊರಚಾಚಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಸಿಂಧನೂರಿಗೆ ಹೋಗಿ ಬಂದೈತ್ರಿ ಇದು. ಟಿಕೆಟ್ ಯಾರು ತಗೋತಾರ?’