ಒಂದೂವರೆ ಗಂಟೆ ಬುಡಕಟ್ಟು ಸಂಸ್ಕೃತಿ, ಆಮೇಲೆ ಪನೀರ್ ಬಟರ್ ಮಸಾಲಾ

ನಮ್ಮವರಿಗೆ ಈಗ ವಿಯೆಟ್ನಾಂ ಹುಚ್ಚು. ಥಾಯ್ಲೆಂಡ್ ಹಳೇದಾಯಿತು, ಬಾಲಿಗೆ ಬೀದಿಯಲ್ಲಿರುವವರೆಲ್ಲ ಹೋಗಿ ಬಂದಾಯಿತು, ಬೆಂಗಳೂರಿನಿಂದ ಹನೋಯ್‌ಗೆ ನೇರ ವಿಮಾನ ಬೇರೆ ಬಂತು. ಗೃಹಪ್ರವೇಶದ ಊಟಕ್ಕೆ ಕೂತರೂ ಪಕ್ಕದ ಎಲೆಯವರು ಫೋನ್ ತೆಗೆದು ತೋರಿಸುವುದು ಅದೇ ಫೋಟೊ. ಹಸಿರು ಚಹಾ ಗುಡ್ಡ, ಬಣ್ಣಬಣ್ಣದ ಲಂಗ, ಬೆನ್ನಿಗೆ ಬಿದಿರಿನ ಬುಟ್ಟಿ, ಬುಟ್ಟಿ ತುಂಬಾ ಪ್ಲಾಸ್ಟಿಕ್ ಹೂವು. "ಅಲ್ಲಿಯ ಟ್ರೈಬಲ್ ಕಲ್ಚರ್ ಪೂರ್ತಿ ನೋಡ್ಕೊಂಡು ಬಂದ್ವಿ ಕಣ್ರೀ!"

ಪೂರ್ತಿ ಎಂದರೆ ಎಷ್ಟು ಅಂತ ತಿಳಿಯಬೇಕಾದರೆ ಪ್ಯಾಕೇಜಿನ ಪಟ್ಟಿ ಓದಬೇಕು. ಬೆಳಗ್ಗೆ ಹನೋಯ್ ಬಿಡುವುದು, ಸುಮಾರು 200 ಕಿಲೋಮೀಟರ್ ವ್ಯಾನಿನಲ್ಲಿ ಕೂತು ಮೊಕ್ ಚಾವ್ ಎಂಬ ಬೆಟ್ಟದೂರು ಸೇರುವುದು, ಚಹಾ ತೋಟಕ್ಕೆ ಅರ್ಧ ಗಂಟೆ, ಹ್ಮೊಂಗ್ ಎಂಬ ಬೆಟ್ಟದ ಬುಡಕಟ್ಟಿನ ಸಂಸ್ಕೃತಿಗೆ ಒಂದೂವರೆ ಗಂಟೆ, ಶೌಚಾಲಯದ ಬಿಡುವೂ ಅದರಲ್ಲೇ ಸೇರಿದೆ, ಆಮೇಲೆ ಇಂಡಿಯನ್ ಲಂಚ್. ಹ್ಮೊಂಗ್ ಜನ ವಿಯೆಟ್ನಾಂ ಒಂದರಲ್ಲೇ ಸುಮಾರು 14 ಲಕ್ಷ ಇದ್ದಾರೆ. ಚೀನಾ, ಲಾವೋಸ್, ಥಾಯ್ಲೆಂಡ್, ಅಮೆರಿಕದವರ ಲೆಕ್ಕ ಬೇರೆ. ಅಷ್ಟೂ ಜನರ ಸಂಸ್ಕೃತಿ 90 ನಿಮಿಷದಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಒಂದು ಸತ್ಯನಾರಾಯಣ ಪೂಜೆ ಅಷ್ಟರಲ್ಲಿ ಮುಗಿಯುವುದಿಲ್ಲ.

ಮೊದಲು ಚಹಾ. ಮೊಕ್ ಚಾವ್‌ನಲ್ಲಿ ಹೃದಯದ ಆಕಾರದ ಚಹಾ ಗುಡ್ಡ ಇದೆ. ತಮಾಷೆ ಅಲ್ಲ, ನಿಜವಾಗಿ ಇದೆ. ಸುತ್ತು ಸುತ್ತಾಗಿ ಸಾಲು ಮಾಡಿ, ನೀಟಾಗಿ ಕತ್ತರಿಸಿ ಬೆಳೆಸಿದ್ದಾರೆ. ಆಕಾರ ಸರಿಯಾಗಿ ಕಾಣಬೇಕಾದರೆ ಮೇಲಿಂದಲೇ ನೋಡಬೇಕು, ಅಂದರೆ ಡ್ರೋನ್ ಇದ್ದವರಿಗೆ ಹೃದಯ, ಇಲ್ಲದವರಿಗೆ ಸುಮ್ನೆ ಗಿಡ. ಆ ಸಾಲುಗಳ ನಡುವೆ ಹ್ಮೊಂಗ್ ಲಂಗ ತೊಟ್ಟು, ಬುಟ್ಟಿ ಹೊತ್ತು, ಎರಡು ಎಲೆ ಒಂದು ಕುಡಿ ಕೀಳುವ ಹಾಗೆ ನಟಿಸುತ್ತಾ ನಿಂತರೆ "ಶತಮಾನಗಳ ಪರಂಪರೆ" ಸಿದ್ಧ. ಪರಂಪರೆ ಶುರುವಾದದ್ದು 1958ರಲ್ಲಿ. ಸರ್ಕಾರ ಅಲ್ಲಿ ಒಂದು ದೊಡ್ಡ ಫಾರ್ಮ್ ತೆರೆಯಿತು, ಹಸು ಸಾಕಿತು, ಚಹಾ ನೆಟ್ಟಿತು. ಇವತ್ತಿಗೂ ಮೊಕ್ ಚಾವ್ ಹಾಲಿಗೂ ಹೆಸರುವಾಸಿ, ಚಹಾಕ್ಕೂ ಹೆಸರುವಾಸಿ. ಹಾಲೂ ಇದೆ, ಚಹಾನೂ ಇದೆ, ಆದರೆ ಎರಡನ್ನೂ ಸೇರಿಸಿ ಕುದಿಸಬೇಕು ಅನ್ನೋದು ಇವರಿಗೆ ಇನ್ನೂ ಹೊಳೆದಿಲ್ಲವಲ್ಲ ಅಂತ ನಮ್ಮವರಿಗೆ ದೊಡ್ಡ ವ್ಯಥೆ.

ಹ್ಮೊಂಗ್ ಜನ ತಲೆಮಾರುಗಳಿಂದ ನೋಡಿಕೊಂಡು ಬಂದ ಚಹಾ ಬೇಕಾದರೆ ಮೊಕ್ ಚಾವ್ ಇರುವ ಸೊನ್ ಲಾ ಪ್ರಾಂತ್ಯದಲ್ಲೇ ತಾ ಸುವಾ ಎಂಬ ಬೆಟ್ಟದ ಕಡೆ ಹೋಗಬೇಕು. ಅಲ್ಲಿರುವುದು ಶಾನ್ ತುಯೆತ್ ಎಂಬ ಚಹಾ ಮರಗಳು. ಹೌದು, ಮರಗಳೇ. ನೂರಾರು ವರ್ಷದವು, ಕಾಂಡಕ್ಕೆಲ್ಲ ಪಾಚಿ ಹತ್ತಿದವು. ಹೆಂಗಸರು ಮರ ಹತ್ತಿ, ಕೊಂಬೆಯ ಮೇಲೆ ನಿಂತು ಬಿಳಿ ನವಿರು ಇರುವ ಕುಡಿ ಕೊಯ್ಯುತ್ತಾರೆ. ಆಮೇಲೆ ಸೌದೆ ಒಲೆ ಮೇಲೆ ದೊಡ್ಡ ಕಬ್ಬಿಣದ ಬಾಣಲೆ ಇಟ್ಟು, ಕಾದ ಬಾಣಲೆಯೊಳಗೆ ಕೈಯಾಡಿಸುತ್ತಲೇ ಇರಬೇಕು, ಸ್ವಲ್ಪ ಗಮನ ತಪ್ಪಿದರೂ ಎಲೆ ಸೀದುಹೋಗುತ್ತದೆ. ಆದರೆ ತಾ ಸುವಾಕ್ಕೆ ಹೋಗುವವರಲ್ಲಿ ಜಾಸ್ತಿ ಜನ ಆ ಮರಗಳ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲಿ ಮೋಡ ಚೆನ್ನಾಗಿ ಬರುತ್ತದಂತೆ. ಮರ ಎಲ್ಲಾ ಕಡೆ ಇರುತ್ತದೆ ಬಿಡಿ.

ಇನ್ನು ಬಟ್ಟೆ. ಹ್ಮೊಂಗ್ ಹೆಂಗಸರ ಒಂದು ಲಂಗ ಅಂದರೆ ತಿಂಗಳುಗಟ್ಟಲೆ ಕೆಲಸ. ಹೆಂಪ್ ಎಂಬ ನಾರಿನ ಗಿಡ ಬೆಳೆದು, ತೊಗಟೆ ಸುಲಿದು, ನಾರು ಬಿಡಿಸಿ, ನಡೆಯುತ್ತಾ ಮಾತಾಡುತ್ತಾ ಎಳೆಗೆ ಎಳೆ ಸೇರಿಸಿ, ಬೂದಿ ನೀರಲ್ಲಿ ಬೇಯಿಸಿ, ನೇಯ್ದು, ಮೇಲೆ ಕಾಯಿಸಿದ ಜೇನುಮೇಣದಲ್ಲಿ ತಾಮ್ರದ ಮೊನೆಯಿಂದ ಗೆರೆ ಎಳೆದು, ನೀಲಿ ಬಣ್ಣದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿ, ಕೊನೆಗೆ ಬಿಸಿನೀರಲ್ಲಿ ಮೇಣ ಕರಗಿಸಿದರೆ ಚಿತ್ತಾರ ಮೂಡುತ್ತದೆ. ಬಟ್ಟೆ ನುಣುಪಾಗಲು ಅದನ್ನು ಮರದ ಉರುಳೆಗೆ ಸುತ್ತಿ, ಮೇಲೆ ಕಲ್ಲಿನ ಚಪ್ಪಡಿ ಇಟ್ಟು, ಆ ಚಪ್ಪಡಿ ಮೇಲೆ ಹೆಂಗಸರು ಎರಡೂ ಕಾಲೂರಿ ನಿಂತು ಆಚೆಗೊಮ್ಮೆ ಈಚೆಗೊಮ್ಮೆ ವಾಲುತ್ತಾರೆ. ಬಣ್ಣ ಹಾಕುವವರ ಕೈಯ ನೀಲಿ ಎಷ್ಟು ತೊಳೆದರೂ ಬೇಗ ಹೋಗುವುದಿಲ್ಲ.

ಪ್ರವಾಸಿಗೆ ಬಾಡಿಗೆಗೆ ಸಿಗುವುದು ಕಾರ್ಖಾನೆಯಲ್ಲಿ ಅಚ್ಚಾದ ಪಾಲಿಯೆಸ್ಟರ್. ಅದಾದರೂ ಹ್ಮೊಂಗ್ ಮಾದರಿಯದ್ದಾ ಅಂದರೆ, ಅದಕ್ಕೂ ಗ್ಯಾರಂಟಿ ಇಲ್ಲ. ಸಾಪಾ, ತಾ ಸುವಾ ಕಡೆಯ ಬಾಡಿಗೆ ಅಂಗಡಿಗಳಲ್ಲಿ ಮಂಗೋಲಿಯಾ, ಟಿಬೆಟ್ ಶೈಲಿಯ ಪೋಷಾಕುಗಳನ್ನೇ ತೂಗುಹಾಕುತ್ತಾರೆ ಅಂತ ವಿಯೆಟ್ನಾಂನ ಪತ್ರಿಕೆಗಳಲ್ಲೇ ಗಲಾಟೆ ಆಗಿದೆ. ತುಪ್ಪಳದ ಟೋಪಿ ಫೋಟೊದಲ್ಲಿ ಚೆನ್ನಾಗಿ ಬರುತ್ತದೆ, ಅಷ್ಟೇ ಕಾರಣ. ಹೀಗೆ ಮೈಸೂರಿನ ಒಬ್ಬರು ವಿಯೆಟ್ನಾಂನ ಬೆಟ್ಟದಲ್ಲಿ ಹ್ಮೊಂಗ್ ಸಂಸ್ಕೃತಿ ಅಂತ ಮಂಗೋಲಿಯಾದ ಟೋಪಿ ಹಾಕಿ, ಪಕ್ಕದಲ್ಲೇ ನೀಲಿ ಕೈಯ ಅಜ್ಜಿ ಒಂದು ಚೀಲ ಕೊಳ್ಳಿ ಅಂದರೆ "ಟೂ ಎಕ್ಸ್‌ಪೆನ್ಸಿವ್ ಅಜ್ಜಿ" ಅಂತ ಚೌಕಾಸಿ ಮಾಡುತ್ತಿರುತ್ತಾರೆ.

ಮೊಕ್ ಚಾವ್‌ನಲ್ಲಿರುವ ಗಾಜಿನ ಸೇತುವೆ ಬಗ್ಗೆ ಒಂದೇ ಮಾತು. ಉದ್ದ 632 ಮೀಟರ್, 2022ರಲ್ಲಿ ಗಿನ್ನೆಸ್ ದಾಖಲೆ, ಅದೂ ಪ್ಯಾಕೇಜಿನಲ್ಲಿ "ಸಂಸ್ಕೃತಿ ಮತ್ತು ಪ್ರಕೃತಿ" ಅನ್ನುವ ತಲೆಬರಹದ ಕೆಳಗೇ ಬರುತ್ತದೆ.

ಊಟದ ಹೊತ್ತಿಗೆ ಸಂಸ್ಕೃತಿಯ ಬಗ್ಗೆ ಭಯ ಶುರು. ಥಾಂಗ್ ಕೊ ಎಂಬ ಕುದುರೆ ಮಾಂಸದ ಸಾರಿನ ಸುದ್ದಿ ಯಾರೋ ಮೊದಲೇ ವಾಟ್ಸಾಪಿನಲ್ಲಿ ಹಾಕಿರುತ್ತಾರೆ, ಹಾಗಾಗಿ ಯಾವ ಪಾತ್ರೆಯ ಮುಚ್ಚಳ ತೆಗೆದರೂ ಇವರಿಗೆ ಕುದುರೆಯೇ ಕಾಣುತ್ತದೆ. ಅಲ್ಲೇ ಹಬೆಯಲ್ಲಿ ಬೇಯುತ್ತಿರುವ ಮೆನ್ ಮೆನ್ ಅಪ್ಪಟ ಸಸ್ಯಾಹಾರ. ಮೆಕ್ಕೆಜೋಳ ಬೀಸಿ, ನೀರು ಚಿಮುಕಿಸಿ, ಎರಡು ಸಲ ಹಬೆಯಲ್ಲಿ ಬೇಯಿಸಿದ ತರಿ. ಅದನ್ನು ದಾಟಿಕೊಂಡು ಹೋಗಿ ತಿನ್ನುವುದು ಪನೀರ್ ಬಟರ್ ಮಸಾಲಾ. ಜೊತೆಗೆ ಮನೆಯಿಂದ ಬಂದ ಚಟ್ನಿಪುಡಿ.

ಇವೆಲ್ಲ ಬೇಡ, ನಮಗೆ ಅಸಲಿ ಬೇಕು ಅನ್ನುವ ಇನ್ನೊಂದು ಗುಂಪಿದೆ. ಅವರಿಗೆ ಮೊಕ್ ಚಾವ್ ಕಡೆಯ ಹಾಂಗ್ ತಾವ್ ಇದೆ. ಬೆಟ್ಟಗಳ ನಡುವಿನ ಹುಲ್ಲುಗಾವಲು, ಒಂದಿಷ್ಟು ಮರದ ಮನೆ, ಕೋಳಿ, ಹಂದಿ, ಎಮ್ಮೆ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ ಅಂತಲೇ ಹೆಸರಾಗಿದ್ದು. ಪ್ರವಾಸೋದ್ಯಮದವರು ಅದಕ್ಕೆ ಇಟ್ಟ ಹೆಸರು "ಆದಿಮ ಗ್ರಾಮ". ಅಸಲಿ ವಿಷಯ ಏನೆಂದರೆ, ಅಲ್ಲಿರುವವರ ಊರು ಹತ್ತಿರದ ತಾ ಸೊ. ಹಾಂಗ್ ತಾವ್ ಅವರ ಹೊಲದ ಮನೆ. ಬೇಸಾಯಕ್ಕೆ, ದನ ಮೇಯಿಸುವುದಕ್ಕೆ ಅಲ್ಲಿಗೆ ಬರುತ್ತಾರೆ. ನಾವು ಪವರ್ ಬ್ಯಾಂಕ್ ಹೊತ್ತು, ಕಡಿದಾದ ಮಣ್ಣುದಾರಿ ಇಳಿದು, ಹೊಲದಲ್ಲಿ ಕೆಲಸ ಮಾಡುತ್ತಿರುವ ರೈತನನ್ನು ಹಿಡಿದು "ಆದಿಮಾನವ" ಅಂತ ರೀಲ್ಸ್ ಮಾಡುತ್ತೇವೆ. ಅವನ ಮಗುವಿನ ಕೈಗೆ ಚಾಕೊಲೇಟ್ ಕೊಟ್ಟು, ನಗು ಅನ್ನುತ್ತೇವೆ. ಆತ ಜೇಬಿನಿಂದ ಸ್ಮಾರ್ಟ್‌ಫೋನ್ ತೆಗೆದರೆ ಮುಖ ಸಪ್ಪೆ: "ಛೆ, ಇಲ್ಲೂ ಕೆಟ್ಟುಹೋಯ್ತು." ನಾಳೆ ಅಲ್ಲಿಗೆ ಒಂದು ಕರೆಂಟ್ ಕಂಬ ಬಂದರೆ, ಅದನ್ನು ವಿರೋಧಿಸಿ ಮೊದಲ ಪೋಸ್ಟ್ ಬರುವುದು ಇನ್ವರ್ಟರ್ ಇರುವ ನಮ್ಮ ಅಪಾರ್ಟ್‌ಮೆಂಟಿನಿಂದಲೇ, ಅಲ್ವಾ?

ಹ್ಮೊಂಗ್ ಜನರನ್ನು ಅವರ ಪಾಡಿಗೆ ಅವರಿರುವಾಗ ನೋಡುವ ಆಸೆ ನಿಜಕ್ಕೂ ಇದ್ದರೆ ದಾರಿ ಇದೆ. ಸೆಪ್ಟೆಂಬರ್ 2 ವಿಯೆಟ್ನಾಂನ ರಾಷ್ಟ್ರೀಯ ದಿನ. ಮೊಕ್ ಚಾವ್ ಸುತ್ತಲಿನ ಹ್ಮೊಂಗರಿಗೆ ಅದು ದೊಡ್ಡ ಹಬ್ಬ. ದೂರದೂರದ ಬೆಟ್ಟಗಳಿಂದ ಬೈಕ್ ಮೇಲೆ ಮೂವರು ನಾಲ್ವರು ಕೂತು ಪಟ್ಟಣಕ್ಕೆ ಇಳಿಯುತ್ತಾರೆ. ಹೊಸ ಲಂಗ, ಬೆಳ್ಳಿ ಸರ, ಕೈಯಲ್ಲಿ ಐಸ್‌ಕ್ರೀಂ. ಹುಡುಗರು ಹುಡುಗಿಯರ ಹಿಂದೆ, ಹುಡುಗಿಯರು ಸೆಲ್ಫಿ ಹಿಂದೆ, ಮುದುಕರು ಹಳೇ ಗೆಳೆಯರ ಜೊತೆ ಜೋಳದ ಸಾರಾಯಿ ಹಿಂದೆ. ಟಿಕೆಟ್ ಇಲ್ಲ, ಗೈಡ್ ಇಲ್ಲ, ನಿಮ್ಮನ್ನು ಯಾರೂ ಕ್ಯಾರೇ ಅನ್ನುವುದಿಲ್ಲ.

ಆ ದಿನ ಮಾತ್ರ ಹೋಗಬೇಡಿ ಅಂತ ನಮ್ಮವರ ಸಲಹೆ. ರೂಮ್ ಸಿಗುವುದಿಲ್ಲ, ಟ್ರಾಫಿಕ್ ಜಾಮ್, ಹೃದಯದ ಗುಡ್ಡದ ಮುಂದೆ ಖಾಲಿ ಫ್ರೇಮೇ ಸಿಗುವುದಿಲ್ಲವಂತೆ. ಎಲ್ಲಿ ನೋಡಿದರೂ ಬರೀ ಲೋಕಲ್ ಜನ.